ಎದೆಯಲ್ಲಿ ಗುಂಡು ಹೊತ್ತು ಬಾಳಿದ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್

ಅಮೆರಿಕದ 20 ಡಾಲರ್ ನೋಟನ್ನು ಕಂಡವರಿಗೆ ಅದರ ಮೇಲಿನ ಮುಖ ಪರಿಚಿತ. ಉದ್ದ ಮುಖ, ಹಿಂದಕ್ಕೆ ಎತ್ತಿ ಬಾಚಿದ ದಟ್ಟ ಕೂದಲು, ಬಿಗಿದ ತುಟಿ. 1928ರಿಂದ ಆ ನೋಟಿನ ಮೇಲಿರುವ ಈ ವ್ಯಕ್ತಿ ಅಮೆರಿಕದ ಏಳನೆಯ ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್. ಯುದ್ಧವೀರ, ಹಠವಾದಿ, ಸಾಮಾನ್ಯ ಜನರ ನಾಯಕ ಎಂದು ಹೊಗಳಿಸಿಕೊಂಡವನು. ಗುಲಾಮರ ಒಡೆಯ, ಮೂಲನಿವಾಸಿಗಳನ್ನು ಅವರ ನೆಲದಿಂದ ಒಕ್ಕಲೆಬ್ಬಿಸಿದವನು ಎಂದು ತೆಗಳಿಸಿಕೊಂಡವನೂ ಹೌದು. ಇವೆಲ್ಲವೂ ಇತಿಹಾಸದ ಪುಸ್ತಕಗಳಲ್ಲಿವೆ. ಆದರೆ ಆತ ತನ್ನ ಬದುಕಿನ ಅರ್ಧ ಭಾಗವನ್ನು ಎದೆಯೊಳಗೆ ಸೀಸದ ಗುಂಡೊಂದನ್ನು ಇಟ್ಟುಕೊಂಡೇ ಕಳೆದನೆಂಬುದು, ಹದಿನೆಂಟು ವರ್ಷ ಕಾಲ ಎಡತೋಳಿನಲ್ಲಿ ಇನ್ನೊಂದು ಗುಂಡೂ ಇತ್ತೆಂಬುದು ಅಷ್ಟಾಗಿ ತಿಳಿದಿಲ್ಲ.

ಗುಂಡೇಟು ಎಂದರೆ ಒಂದು ಕ್ಷಣದ ಆಘಾತ, ಬದುಕಿ ಉಳಿದರೆ ಗಂಡಾಂತರ ಕಳೆಯಿತು ಎಂಬುದು ಸಾಮಾನ್ಯ ತಿಳಿವಳಿಕೆ. ಒಳಗೆ ಉಳಿದ ಸೀಸವು ವರ್ಷಗಟ್ಟಲೆ ಕರಗಿ ರಕ್ತಕ್ಕೆ ಸೇರಬಲ್ಲದು ಎಂಬ ಅರಿವು ವೈದ್ಯಲೋಕಕ್ಕೆ ಬಂದದ್ದು ಬಹಳ ತಡವಾಗಿ. ಜಾಕ್ಸನ್ನನ ಜೀವನವು ಆ ಮಾತಿಗೆ ಒಂದು ನಿದರ್ಶನ. ಅವನ ತಲೆಗೂದಲೇ ಅದಕ್ಕೆ ಸಾಕ್ಷಿ ನುಡಿದಿದೆ.

ಅನಾಥ ಬಾಲಕ

ಜಾಕ್ಸನ್ ಹುಟ್ಟಿದ್ದು 1767ರ ಮಾರ್ಚ್ 15ರಂದು, ಉತ್ತರ ಮತ್ತು ದಕ್ಷಿಣ ಕ್ಯಾರೊಲಿನಾಗಳ ಗಡಿಯಲ್ಲಿದ್ದ ವ್ಯಾಕ್ಸಾ ಎಂಬ ಪ್ರದೇಶದಲ್ಲಿ. ಐರ್ಲೆಂಡಿನಿಂದ ವಲಸೆ ಬಂದಿದ್ದ ತಂದೆ ಮಗು ಹುಟ್ಟುವ ಕೆಲವೇ ವಾರಗಳ ಮೊದಲು ತೀರಿಕೊಂಡಿದ್ದ. ತಾಯಿ ಎಲಿಜಬೆತ್ ಮೂವರು ಗಂಡುಮಕ್ಕಳನ್ನು ಸಾಕುವ ಹೊಣೆ ಹೊತ್ತಳು. ಅಷ್ಟರಲ್ಲಿ ಬ್ರಿಟಿಷರ ವಿರುದ್ಧದ ಸ್ವಾತಂತ್ರ್ಯ ಸಮರ ಆ ಸೀಮೆಗೂ ಹಬ್ಬಿತು. ಹಿರಿಯ ಮಗ ಹ್ಯೂ 1779ರಲ್ಲಿ ಯುದ್ಧಭೂಮಿಯ ಬೇಗೆಯಲ್ಲಿ ಬಳಲಿ ಸತ್ತ.

1781ರಲ್ಲಿ ಆಂಡ್ರ್ಯೂ ಮತ್ತು ಅವನ ಅಣ್ಣ ರಾಬರ್ಟ್ ಬ್ರಿಟಿಷರ ಸೆರೆ ಸಿಕ್ಕರು. ತನ್ನ ಬೂಟುಗಳನ್ನು ಶುಚಿ ಮಾಡುವಂತೆ ಒಬ್ಬ ಅಧಿಕಾರಿ ಆಜ್ಞಾಪಿಸಿದಾಗ ಬಾಲಕ ಆಂಡ್ರ್ಯೂ ಒಪ್ಪಲಿಲ್ಲ. ಸಿಟ್ಟಿಗೆದ್ದ ಅಧಿಕಾರಿ ಕತ್ತಿ ಬೀಸಿದ. ತಲೆಯ ಮೇಲೂ ಎಡಗೈಯ ಮೇಲೂ ಆದ ಗಾಯದ ಕಲೆಗಳು ಕಡೆಯವರೆಗೂ ಉಳಿದವು. ಸೆರೆಮನೆಯಲ್ಲಿ ಅಣ್ಣತಮ್ಮಂದಿರಿಬ್ಬರಿಗೂ ಸಿಡುಬು ಅಂಟಿತು. ತಾಯಿ ಹೋಗಿ ಅವರನ್ನು ಬಿಡಿಸಿ ತಂದರೂ ರಾಬರ್ಟ್ ಬದುಕಲಿಲ್ಲ. ಅದೇ ವರ್ಷ ಚಾರ್ಲ್ಸ್‌ಟನ್ನಿನ ಯುದ್ಧಕೈದಿಗಳ ಶುಶ್ರೂಷೆಗೆ ಹೋದ ತಾಯಿಯೂ ರೋಗ ತಗುಲಿ ಅಲ್ಲಿಯೇ ಕೊನೆಯುಸಿರೆಳೆದಳು. ಹದಿನಾಲ್ಕನೆಯ ವಯಸ್ಸಿಗೆ ಆಂಡ್ರ್ಯೂ ಜಾಕ್ಸನ್ ಸಂಪೂರ್ಣ ಅನಾಥನಾದ.

ಮುಂದೆ ಆತ ಉತ್ತರ ಕ್ಯಾರೊಲಿನಾದ ಸಾಲ್ಸ್‌ಬರಿಯಲ್ಲಿ ಕಾನೂನು ಕಲಿತು 1787ರಲ್ಲಿ ವಕೀಲನಾದ. ಮರುವರ್ಷ ಪಶ್ಚಿಮದ ಗಡಿನಾಡಾಗಿದ್ದ ನ್ಯಾಶ್‌ವಿಲ್‌ಗೆ ಹೋಗಿ ನೆಲೆನಿಂತ. 1796ರಲ್ಲಿ ಟೆನೆಸಿ ಪ್ರತ್ಯೇಕ ರಾಜ್ಯವಾದಾಗ ಅಮೆರಿಕದ ಪ್ರತಿನಿಧಿ ಸಭೆಗೆ ಅಲ್ಲಿಂದ ಆಯ್ಕೆಯಾದ ಮೊದಲ ಸದಸ್ಯ ಆತನೇ. ಬಳಿಕ ಸೆನೆಟ್ ಸದಸ್ಯ, ರಾಜ್ಯದ ಉಚ್ಚ ನ್ಯಾಯಾಲಯದ ನ್ಯಾಯಾಧೀಶ, 1802ರಲ್ಲಿ ರಾಜ್ಯದ ನಾಗರಿಕ ಸೇನೆಯ ಮೇಜರ್ ಜನರಲ್. 1804ರಲ್ಲಿ ನ್ಯಾಶ್‌ವಿಲ್ ಬಳಿ ಹರ್ಮಿಟೇಜ್ ಎಂಬ ಜಮೀನು ಕೊಂಡು ಗುಲಾಮರ ದುಡಿಮೆಯಿಂದ ಹತ್ತಿ ಬೆಳೆಸಿದ. ಅವನು ಸಾಯುವ ವೇಳೆಗೆ ಅಲ್ಲಿ ಸುಮಾರು 150 ಮಂದಿ ಗುಲಾಮರಿದ್ದರು.

ಮೊದಲ ಗುಂಡು

ಜಾಕ್ಸನ್ನನ ಪತ್ನಿ ರೇಚೆಲ್. ಮೊದಲ ಗಂಡನಿಂದ ಅವಳಿಗೆ ಕಾನೂನುಬದ್ಧ ವಿಚ್ಛೇದನ ದೊರೆಯುವ ಮೊದಲೇ ಇಬ್ಬರೂ ಮದುವೆಯಾಗಿದ್ದರು. ವಿಚ್ಛೇದನ ಪೂರ್ಣವಾಗಿರಲಿಲ್ಲವೆಂದು ತಿಳಿದ ಮೇಲೆ 1794ರಲ್ಲಿ ಮತ್ತೊಮ್ಮೆ ವಿಧಿವತ್ತಾಗಿ ಮದುವೆಯಾದರು. ಈ ಸಂಗತಿಯನ್ನು ಯಾರಾದರೂ ಆಡಿಕೊಂಡರೆ ಜಾಕ್ಸನ್ ಸಹಿಸುತ್ತಿರಲಿಲ್ಲ. ಕುದುರೆ ಪಂದ್ಯವೊಂದರ ಬಾಜಿ ಹಣದ ವಿಚಾರವಾಗಿ 1805ರಲ್ಲಿ ಆರಂಭವಾದ ಜಗಳದಲ್ಲಿ ಚಾರ್ಲ್ಸ್ ಡಿಕಿನ್ಸನ್ ಎಂಬ ಯುವಕ ಎದುರಾಳಿಯಾದ. ಅವನು ರೇಚೆಲಳ ಬಗ್ಗೆ ಹಗುರವಾಗಿ ಮಾತನಾಡಿದನೆಂಬ ಸುದ್ದಿಯೂ ಸೇರಿಕೊಂಡಿತು. ಪತ್ರಿಕೆಯಲ್ಲಿ ಬೈಗುಳಗಳು ಅಚ್ಚಾದವು. ಕಡೆಗೆ ಜಾಕ್ಸನ್ ದ್ವಂದ್ವಯುದ್ಧಕ್ಕೆ ಕರೆದ.

1806ರ ಮೇ 30ರ ಬೆಳಗ್ಗೆ ಕೆಂಟಕಿಯ ಲೋಗನ್ ಕೌಂಟಿಯಲ್ಲಿ ಇಬ್ಬರೂ 24 ಅಡಿ ಅಂತರದಲ್ಲಿ ಎದುರುಬದುರಾಗಿ ನಿಂತರು. ಡಿಕಿನ್ಸನ್ ಆ ಸೀಮೆಯ ಹೆಸರಾಂತ ಗುರಿಕಾರ. ವೇಗದಲ್ಲಿ ಅವನನ್ನು ಮೀರಿಸಲಾಗದೆಂದು ಅರಿತಿದ್ದ ಜಾಕ್ಸನ್, ಮೊದಲ ಗುಂಡನ್ನು ಅವನಿಗೇ ಬಿಟ್ಟುಕೊಟ್ಟು ಅನಂತರ ನಿಧಾನವಾಗಿ ಗುರಿಯಿಡಲು ನಿರ್ಧರಿಸಿದ್ದ. ಡಿಕಿನ್ಸನ್ನನ ಗುಂಡು ಎದೆಗೆ ನಾಟಿತು. ಜಾಕ್ಸನ್ ತೊಟ್ಟಿದ್ದ ಸಡಿಲವಾದ ಮೇಲಂಗಿಯು ತೆಳ್ಳನೆಯ ಅವನ ದೇಹದ ಮಧ್ಯಭಾಗ ಎಲ್ಲಿದೆಯೆಂಬುದನ್ನು ಮರೆಮಾಡಿದ್ದರಿಂದ ಗುಂಡು ಸ್ವಲ್ಪದರಲ್ಲಿ ಹೃದಯವನ್ನು ತಪ್ಪಿತೆಂದು ಹೇಳಲಾಗಿದೆ. ಪಕ್ಕೆಲುಬು ಮುರಿದು, ಬೂಟಿನೊಳಕ್ಕೆ ರಕ್ತ ಇಳಿಯುತ್ತಿದ್ದರೂ ಜಾಕ್ಸನ್ ಅಲುಗದೆ ನಿಂತು ಕುದುರೆ ಎಳೆದ. ಪಿಸ್ತೂಲಿನ ಸುತ್ತಿಗೆ ಅರ್ಧಕ್ಕೆ ನಿಂತಿತು. ಮತ್ತೆ ಅದನ್ನು ಹಿಂದಕ್ಕೆಳೆದು ಗುಂಡು ಹಾರಿಸಿದ. ಡಿಕಿನ್ಸನ್ ಅಂದು ರಾತ್ರಿ ಸತ್ತ.

ಜಾಕ್ಸನ್ನನ ಎದೆಯ ಗುಂಡು ಹೃದಯಕ್ಕೆ ತೀರ ಸಮೀಪದಲ್ಲಿತ್ತು. ಆ ಕಾಲದಲ್ಲಿ ಅದನ್ನು ಹೊರತೆಗೆಯುವ ಮಾತೇ ಇರಲಿಲ್ಲ. ಅರಿವಳಿಕೆ ಬಳಕೆಗೆ ಬಂದದ್ದು 1846ರಲ್ಲಿ. ಗಾಯದ ನಂಜು ತಡೆಯುವ ಲಿಸ್ಟರ್‌ನ ಪದ್ಧತಿ ಪ್ರಕಟವಾದದ್ದು 1867ರಲ್ಲಿ. ಗುಂಡು ಎಲ್ಲಿದೆಯೆಂದು ತೋರಿಸುವ ಎಕ್ಸ್‌ರೇ ಪತ್ತೆಯಾದದ್ದು 1895ರಲ್ಲಿ. ಹೀಗಾಗಿ ಗುಂಡು ಇದ್ದಲ್ಲಿಯೇ ಉಳಿಯಿತು, 39 ವರ್ಷ ಕಾಲ. ಗಾಯ ಮೇಲೆ ಮಾಯಿತು, ಒಳಗೆ ಮಾಯಲಿಲ್ಲ. ಎದೆಯಲ್ಲಿ ಕೀವು ಕಟ್ಟುವುದು, ಕೆಮ್ಮಿದಾಗ ರಕ್ತ ಬರುವುದು ಅವನ ಜೀವನದ ನಿತ್ಯದ ಕಷ್ಟವಾಯಿತು.

ಎರಡನೆಯ ಗುಂಡು

ಏಳು ವರ್ಷಗಳ ಬಳಿಕ ಇನ್ನೊಂದು ಜಗಳ. 1813ರಲ್ಲಿ ಜೆಸ್ಸಿ ಬೆಂಟನ್ ಎಂಬಾತನ ಜೊತೆ ನಡೆದ ದ್ವಂದ್ವಯುದ್ಧದಲ್ಲಿ ಜಾಕ್ಸನ್ ಎದುರಾಳಿಯ ಬೆಂಬಲಿಗನಾಗಿ ನಿಂತಿದ್ದ. ಇದರಿಂದ ಜೆಸ್ಸಿಯ ಅಣ್ಣ, ಜಾಕ್ಸನ್ನನ ಕೈಕೆಳಗೆ ಸೇನಾಧಿಕಾರಿಯಾಗಿದ್ದ ಥಾಮಸ್ ಹಾರ್ಟ್ ಬೆಂಟನ್ ಕೆರಳಿದ. ಮಾತಿಗೆ ಮಾತು ಬೆಳೆಯಿತು. ಥಾಮಸ್‌ನಿಗೆ ಚಾಟಿಯೇಟು ಕೊಡುವೆನೆಂದು ಸಾರಿದ ಜಾಕ್ಸನ್ ಸೆಪ್ಟೆಂಬರ್ 4ರಂದು ನ್ಯಾಶ್‌ವಿಲ್‌ನ ಹೋಟೆಲೊಂದರಲ್ಲಿ ಅವನನ್ನು ಎದುರಿಸಿದ. ಆ ಗದ್ದಲದಲ್ಲಿ ಜೆಸ್ಸಿ ಹಾರಿಸಿದ ಗುಂಡಿಗೆ ಜಾಕ್ಸನ್ನನ ಎಡಭುಜದ ಮೂಳೆ ಪುಡಿಯಾಯಿತು. ತೋಳಿನಲ್ಲಿ ಗುಂಡು ಉಳಿಯಿತು. ಸುರಿದ ರಕ್ತಕ್ಕೆ ಎರಡು ಹಾಸಿಗೆಗಳು ತೊಯ್ದುಹೋದವು.

ತೋಳನ್ನು ಕತ್ತರಿಸಬೇಕೆಂಬುದು ವೈದ್ಯರ ಸಲಹೆ. ಜಾಕ್ಸನ್ ಒಪ್ಪಲಿಲ್ಲ. ಅವನಿನ್ನೂ ಹಾಸಿಗೆಯಲ್ಲಿರುವಾಗಲೇ ಅಲಬಾಮ ಸೀಮೆಯ ಫೋರ್ಟ್ ಮಿಮ್ಸ್ ಮೇಲೆ ಕ್ರೀಕ್ ಮೂಲನಿವಾಸಿಗಳ ಒಂದು ಬಣ ನಡೆಸಿದ ದಾಳಿಯ ಸುದ್ದಿ ತಲುಪಿತು. ಗುಂಡೇಟು ಬಿದ್ದ ಕೆಲವೇ ವಾರಗಳಲ್ಲಿ, ಅಕ್ಟೋಬರ್ ತಿಂಗಳಲ್ಲಿ, ತೋಳನ್ನು ಕತ್ತಿಗೆ ತೂಗುಹಾಕಿಕೊಂಡೇ ಆತ ದಂಡು ಕಟ್ಟಿ ಹೊರಟ. ಅನ್ನವಿಲ್ಲದ ಅಡವಿಯಲ್ಲಿ ತೀವ್ರ ಹೊಟ್ಟೆನೋವು, ಬಿಡದ ಭೇದಿ. ಸೈನಿಕರು ದಂಗೆ ಎದ್ದರೆ ಅವರ ಮುಂದೆ ಬಂದೂಕು ಹಿಡಿದು ನಿಲ್ಲುವ ಛಲ.

1814ರ ಮಾರ್ಚ್ 27ರಂದು ಹಾರ್ಸ್‌ಶೂ ಬೆಂಡ್ ಎಂಬಲ್ಲಿ ಕ್ರೀಕ್ ಯೋಧರಲ್ಲಿ ಸುಮಾರು 800 ಮಂದಿ ಹತರಾದರು. ಆ ವರ್ಷ ಆಗಸ್ಟಿನಲ್ಲಿ ಜಾಕ್ಸನ್ ಹೇರಿದ ಒಪ್ಪಂದದಿಂದ ಕ್ರೀಕ್ ಜನ ಸುಮಾರು 2.3 ಕೋಟಿ ಎಕರೆ ನೆಲ ಕಳೆದುಕೊಂಡರು. ಅವನ ಪಕ್ಷದಲ್ಲಿ ನಿಂತು ಹೋರಾಡಿದ್ದ ಕ್ರೀಕರ ನೆಲವೂ ಅದರಲ್ಲಿ ಸೇರಿತ್ತು. 1815ರ ಜನವರಿ 8ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರಿಟಿಷ್ ಸೇನೆಯನ್ನು ಸೋಲಿಸಿದಾಗ ಜಾಕ್ಸನ್ ರಾಷ್ಟ್ರವೀರನಾದ. ಶಾಂತಿ ಒಪ್ಪಂದಕ್ಕೆ ಯುರೋಪಿನಲ್ಲಿ ಅದಕ್ಕೆ ಎರಡು ವಾರ ಮೊದಲೇ ಸಹಿ ಬಿದ್ದಿತ್ತು. ಸುದ್ದಿ ಸಮುದ್ರ ದಾಟಿ ಬಂದಿರಲಿಲ್ಲವಷ್ಟೆ.

ಆ ದಿನಗಳ ಚಿತ್ರಗಳಲ್ಲಿ ಕಾಣುವ ಜಾಕ್ಸನ್ ಎಲುಬಿನ ಗೂಡು. ಆಗ ಅವನ ವಯಸ್ಸು ನಲವತ್ತೇಳು.

ರೋಗಕ್ಕಿಂತ ಕಠಿಣ ಔಷಧ

ಜಾಕ್ಸನ್ನನ ದೇಹಕ್ಕೆ ಸೀಸ ಬಂದ ದಾರಿ ಗುಂಡೊಂದೇ ಅಲ್ಲ. ಅಂದಿನ ವೈದ್ಯರು ಸೀಸದ ಸಕ್ಕರೆ ಎಂಬ ಔಷಧವನ್ನು ಧಾರಾಳವಾಗಿ ಬಳಸುತ್ತಿದ್ದರು. ಇದು ಸಿಹಿ ರುಚಿಯ ಸೀಸದ ಲವಣ, ಅಂದರೆ ಲೆಡ್ ಅಸಿಟೇಟ್. ಗಾಯಕ್ಕೆ ಹಚ್ಚಲೂ ಹೊಟ್ಟೆಗೆ ಕೊಡಲೂ ಅದು ಬೇಕಾಗುತ್ತಿತ್ತು. ಹೊಟ್ಟೆ ಶುದ್ಧಿಗೆ ಕ್ಯಾಲೊಮೆಲ್ ಎಂಬ ಪಾದರಸದ ಪುಡಿ. ಇವೆರಡನ್ನೂ ಜಾಕ್ಸನ್ ದೀರ್ಘಕಾಲ ಸೇವಿಸಿದ. ಜೊತೆಗೆ ಪದೇ ಪದೇ ರಕ್ತ ಹರಿಸುವ ಚಿಕಿತ್ಸೆ. ಒಳಗಿನ ಸೀಸದಿಂದ ಹೊಟ್ಟೆ ನೊಂದರೆ ಅದಕ್ಕೆ ಮತ್ತೆ ಸೀಸದ ಮದ್ದು ಎಂಬ ಸ್ಥಿತಿ ಅದು. ತಲೆನೋವು, ಹೊಟ್ಟೆ ಹಿಂಡುವುದು, ಕೈನಡುಕ, ಹಲ್ಲುಗಳ ನಾಶ, ಕಾಲೂತ ಹೀಗೆ ಅವನ ರೋಗಲಕ್ಷಣಗಳ ಪಟ್ಟಿ ಬೆಳೆಯುತ್ತಲೇ ಹೋಯಿತು.

ಇಷ್ಟಾದರೂ ಆತ ರಾಜಕೀಯದಲ್ಲಿ ಹಿಂದೆ ಸರಿಯಲಿಲ್ಲ. 1824ರ ಚುನಾವಣೆಯಲ್ಲಿ ಹೆಚ್ಚು ಮತ ಗಳಿಸಿಯೂ ಸ್ಪಷ್ಟ ಬಹುಮತವಿಲ್ಲದೆ, ಪ್ರತಿನಿಧಿ ಸಭೆಯ ತೀರ್ಮಾನದಲ್ಲಿ ಅಧ್ಯಕ್ಷಪದವಿ ಕೈತಪ್ಪಿತು. 1828ರಲ್ಲಿ ಗೆದ್ದ. ಆ ಚುನಾವಣೆಯಲ್ಲಿ ಎದುರಾಳಿಗಳು ಅವನ ಮದುವೆಯ ಹಳೆಯ ಸಂಗತಿಯನ್ನು ಬೀದಿಗೆಳೆದಿದ್ದರು. ಅಧಿಕಾರ ಸ್ವೀಕಾರಕ್ಕೆ ಮೊದಲೇ, ಡಿಸೆಂಬರ್ 22ರಂದು ರೇಚೆಲ್ ತೀರಿಕೊಂಡಳು. ಆ ನಿಂದೆಯೇ ಅವಳನ್ನು ಕೊಂದಿತೆಂದು ಜಾಕ್ಸನ್ ಕಡೆಯವರೆಗೂ ನಂಬಿದ್ದ.

ಶ್ವೇತಭವನದಲ್ಲಿ ಶಸ್ತ್ರಚಿಕಿತ್ಸೆ

ಎಡತೋಳಿನ ಗುಂಡು ಕಾಲಕ್ರಮದಲ್ಲಿ ಜರುಗಿ ಚರ್ಮದ ಕೆಳಗೆ ಕೈಗೆ ತಗುಲುವಂತಾಗಿತ್ತು. ನೋವು ಸಹಿಸಲಾಗದಷ್ಟಾದಾಗ 1832ರ ಜನವರಿಯಲ್ಲಿ ಫಿಲಡೆಲ್ಫಿಯದ ನೌಕಾಪಡೆಯ ಶಸ್ತ್ರವೈದ್ಯ ಥಾಮಸ್ ಹ್ಯಾರಿಸ್ ಶ್ವೇತಭವನಕ್ಕೆ ಬಂದ. ಅರಿವಳಿಕೆ ಇಲ್ಲ. ಅಧ್ಯಕ್ಷ ತೋಳು ಬಿಚ್ಚಿ, ತನ್ನ ಊರುಗೋಲನ್ನು ಬಿಗಿಯಾಗಿ ಹಿಡಿದು ಕುಳಿತ. ವೈದ್ಯ ಚರ್ಮ ಸೀಳಿ ಗುಂಡನ್ನು ಹೊರತೆಗೆದ. ಅಷ್ಟರಲ್ಲಿ ಥಾಮಸ್ ಬೆಂಟನ್ ಸೆನೆಟ್ ಸದಸ್ಯನಾಗಿ ಜಾಕ್ಸನ್ನನ ಅತ್ಯಂತ ನಿಷ್ಠ ಬೆಂಬಲಿಗರಲ್ಲಿ ಒಬ್ಬನಾಗಿದ್ದ. ಹಗೆತನ ತೀರಿತ್ತು, ಹಗೆಯ ಗುಂಡು ಮಾತ್ರ ಹದಿನೆಂಟು ವರ್ಷ ಉಳಿದಿತ್ತು.

ಆ ಚಿಕಿತ್ಸೆಯ ಬಳಿಕ ಅಧ್ಯಕ್ಷನ ಆರೋಗ್ಯ ಕೆಲಕಾಲ ಸುಧಾರಿಸಿತು. ಆ ವರ್ಷವೇ ರಾಷ್ಟ್ರೀಯ ಬ್ಯಾಂಕಿನ ಪುನರ್‌ಪರವಾನಗಿ ಮಸೂದೆಯನ್ನು ತಡೆಹಿಡಿದ. ಮತ್ತೆ ಚುನಾವಣೆ ಗೆದ್ದ. ಸುಂಕದ ಕಾನೂನು ತನಗೆ ಅನ್ವಯಿಸದೆಂದ ದಕ್ಷಿಣ ಕ್ಯಾರೊಲಿನಾವನ್ನು ಮಣಿಸಿದ. ಆದರೆ ಎದೆಯ ಗುಂಡು ಹಾಗೆಯೇ ಇತ್ತು. 1833ರ ಬೇಸಗೆಯಲ್ಲಿ ಈಶಾನ್ಯ ರಾಜ್ಯಗಳ ಪ್ರವಾಸಕ್ಕೆ ಹೋದಾಗ ರಕ್ತಸ್ರಾವ, ನಿಶ್ಶಕ್ತಿಗಳಿಂದ ಕುಸಿದು ಪ್ರವಾಸವನ್ನು ಅರ್ಧಕ್ಕೇ ಮುಗಿಸಿ ಹಿಂತಿರುಗಬೇಕಾಯಿತು.

1835ರ ಜನವರಿ 30ರಂದು ಸಂಸತ್ ಭವನದ ಬಳಿ ರಿಚರ್ಡ್ ಲಾರೆನ್ಸ್ ಎಂಬಾತ ಎರಡು ಪಿಸ್ತೂಲುಗಳಿಂದ ಒಂದಾದ ಮೇಲೊಂದರಂತೆ ಅವನತ್ತ ಗುರಿಯಿಟ್ಟ. ಎರಡೂ ಹಾರಲಿಲ್ಲ. ಮೂರನೆಯ ಗುಂಡಿನಿಂದ ಜಾಕ್ಸನ್ ಪಾರಾದ. ಮತಿಭ್ರಮಣೆಯ ಕಾರಣದಿಂದ ನಿರ್ದೋಷಿಯೆಂದು ತೀರ್ಪು ಪಡೆದ ಲಾರೆನ್ಸ್ ವೃತ್ತಿಯಿಂದ ಮನೆಗಳಿಗೆ ಬಣ್ಣ ಬಳಿಯುವವನು. ಅಂದಿನ ಬಣ್ಣಗಳಲ್ಲಿ ಸೀಸ ಹೇರಳವಾಗಿರುತ್ತಿತ್ತು. ಅವನ ಬುದ್ಧಿ ಕೆಡಲು ಅದೂ ಕಾರಣವಿರಬಹುದೆಂದು ಕೆಲವರು ಊಹಿಸಿದ್ದಾರೆ. ಅದು ಊಹೆ ಮಾತ್ರ.

ಕೂದಲು ನುಡಿದ ಸಾಕ್ಷಿ

1837ರಲ್ಲಿ ಅಧಿಕಾರದಿಂದ ಇಳಿದ ಜಾಕ್ಸನ್ ಹರ್ಮಿಟೇಜ್‌ಗೆ ಹಿಂತಿರುಗಿದ. ಕೊನೆಯ ವರ್ಷಗಳಲ್ಲಿ ಮೈಯೆಲ್ಲ ಊದಿ, ಉಸಿರಾಟ ಕಷ್ಟವಾಗಿ, 1845ರ ಜೂನ್ 8ರಂದು 78ನೆಯ ವಯಸ್ಸಿನಲ್ಲಿ ತೀರಿಕೊಂಡ. ಮನೆಯ ತೋಟದಲ್ಲಿ ರೇಚೆಲಳ ಪಕ್ಕದಲ್ಲಿ ಅವನ ಸಮಾಧಿಯಿದೆ. ಡಿಕಿನ್ಸನ್ನನ ಗುಂಡು ಅವನೊಂದಿಗೇ ಮಣ್ಣು ಸೇರಿತು.

ಜಾಕ್ಸನ್ ಸತ್ತದ್ದು ಸೀಸ ಮತ್ತು ಪಾದರಸದ ವಿಷದಿಂದಲೇ ಎಂಬ ಸಂದೇಹ ಬಹುಕಾಲ ಇತ್ತು. ಅವನ ಅಭಿಮಾನಿಗಳು ನೆನಪಿಗಾಗಿ ಕಾದಿರಿಸಿದ್ದ ಕೂದಲ ಎಳೆಗಳು ಈ ಪ್ರಶ್ನೆಗೆ ಉತ್ತರ ಹುಡುಕಲು ನೆರವಾದವು. ಕೂದಲು ಬೆಳೆಯುವಾಗ ರಕ್ತದಲ್ಲಿರುವ ಲೋಹವನ್ನು ಒಳಗೆ ಸೇರಿಸಿಕೊಳ್ಳುತ್ತದೆ. 1815ರ ಮತ್ತು 1839ರ ಕೂದಲನ್ನು ಪರೀಕ್ಷಿಸಿದ ಫಲಿತಾಂಶ 1999ರಲ್ಲಿ ಅಮೆರಿಕನ್ ವೈದ್ಯ ಸಂಘದ ಪತ್ರಿಕೆಯಲ್ಲಿ ಪ್ರಕಟವಾಯಿತು. 1815ರ ಕೂದಲಿನಲ್ಲಿ ಹತ್ತು ಲಕ್ಷಕ್ಕೆ ಸುಮಾರು 130 ಭಾಗ ಸೀಸವಿತ್ತು. 1839ರ ಕೂದಲಿನಲ್ಲಿ ಅದು ಸುಮಾರು 44 ಭಾಗಕ್ಕೆ ಇಳಿದಿತ್ತು. ಎರಡೂ ಪ್ರಮಾಣ ಹೆಚ್ಚಿನವೇ. ಪಾದರಸ ಮಾತ್ರ ವಿಷವೇರುವ ಮಟ್ಟದಲ್ಲಿರಲಿಲ್ಲ.

ಮೊದಲ ಕೂದಲು ತೋಳಿಗೆ ಗುಂಡು ಬಿದ್ದ ಎರಡು ವರ್ಷಗಳೊಳಗಿನದು. ಎರಡನೆಯದು ಆ ಗುಂಡನ್ನು ತೆಗೆದ ಏಳು ವರ್ಷಗಳ ನಂತರದ್ದು. ಸೀಸದ ನಂಜಿನಿಂದ ಆತ ನರಳಿರುವುದು ಸಂಭವನೀಯ, ಆದರೆ ಸಾವಿಗೆ ಅದೇ ಕಾರಣವಲ್ಲ, ಬಹುಶಃ ಮೂತ್ರಪಿಂಡಗಳ ವೈಫಲ್ಯ ಕಾರಣ ಎಂಬುದು ಸಂಶೋಧಕರ ತೀರ್ಮಾನ. ಆ ಕಾಲದಲ್ಲಿ ಪಾತ್ರೆ, ಬಣ್ಣ, ಮದ್ಯ, ಮದ್ದು ಎಲ್ಲದರಲ್ಲಿಯೂ ಸೀಸವಿದ್ದುದರಿಂದ ಯಾವ ದಾರಿಯಿಂದ ಎಷ್ಟು ಬಂತೆಂದು ವಿಂಗಡಿಸುವುದು ಸುಲಭವಲ್ಲ.

ಉಳಿದ ಗುಂಡು ಏನು ಮಾಡುತ್ತದೆ?

ಗುಂಡನ್ನು ಒಳಗೇ ಬಿಟ್ಟ ವೈದ್ಯರು ತಪ್ಪು ಮಾಡಿದರೇ? ಇಲ್ಲವೆನ್ನಬೇಕು. 1881ರಲ್ಲಿ ಅಧ್ಯಕ್ಷ ಜೇಮ್ಸ್ ಗಾರ್ಫೀಲ್ಡ್‌ಗೆ ಗುಂಡೇಟು ಬಿದ್ದಾಗ ವೈದ್ಯರು ತೊಳೆಯದ ಬೆರಳು, ಸಲಾಕೆಗಳಿಂದ ಗುಂಡನ್ನು ಹುಡುಕಿ ಗಾಯವನ್ನು ಕೆಡಿಸಿದರು. ಎರಡೂವರೆ ತಿಂಗಳಲ್ಲಿ ಆತ ಸತ್ತ. 1912ರಲ್ಲಿ ಥಿಯೊಡೋರ್ ರೂಸ್‌ವೆಲ್ಟ್‌ನ ಎದೆಗೆ ಹೊಕ್ಕ ಗುಂಡನ್ನು ವೈದ್ಯರು ಮುಟ್ಟಲಿಲ್ಲ. ಆತ ಮತ್ತೆ ಆರು ವರ್ಷಕ್ಕೂ ಹೆಚ್ಚು ಕಾಲ ಬದುಕಿದ.

ಸ್ನಾಯುವಿನಲ್ಲಿ ಸಿಕ್ಕ ಗುಂಡಿನ ಸುತ್ತ ದೇಹವು ಗಟ್ಟಿಯಾದ ಪೊರೆಯೊಂದನ್ನು ಕಟ್ಟುತ್ತದೆ. ಆಗ ಸೀಸ ಹೊರಬರುವುದು ಬಹಳ ಕಡಿಮೆ. ಆದ್ದರಿಂದ ಕದಲಿಸಿದರೆ ಹೆಚ್ಚು ಅಪಾಯವಿರುವ ಗುಂಡನ್ನು ಇಂದಿಗೂ ಇದ್ದಲ್ಲಿಯೇ ಬಿಡುವುದುಂಟು. ಆದರೆ ಮಂಡಿ, ಭುಜ, ಸೊಂಟದಂಥ ಕೀಲುಗಳ ಮಾತು ಬೇರೆ. ಕೀಲಿನೊಳಗಿನ ದ್ರವವು ಸೀಸವನ್ನು ಕರಗಿಸಬಲ್ಲದು, ಚಲನೆಯ ಉಜ್ಜಾಟವು ಅದನ್ನು ತೇಯುತ್ತದೆ. ಮೂಳೆ ಮುರಿದಲ್ಲಿ, ಗುಂಡು ಅನೇಕ ಚೂರುಗಳಾದಲ್ಲಿ ಅಪಾಯ ಹೆಚ್ಚು. ರಕ್ತ ಸೇರಿದ ಸೀಸ ಮೂಳೆಗಳಲ್ಲಿ ಶೇಖರವಾಗಿ ದಶಕಗಳ ಕಾಲ ಉಳಿಯುತ್ತದೆ. ರಕ್ತಹೀನತೆ, ಹೊಟ್ಟೆನೋವು, ಮಲಬದ್ಧತೆ, ನರದೌರ್ಬಲ್ಯ, ರಕ್ತದೊತ್ತಡ, ಮೂತ್ರಪಿಂಡದ ಹಾನಿ ಇದರ ಫಲಗಳು. ಗುಂಡೇಟು ಬಿದ್ದು ಎಷ್ಟೋ ವರ್ಷಗಳ ಮೇಲೆ ಇವು ಕಾಣಿಸಿಕೊಂಡರೆ ರೋಗಿಯಾಗಲಿ ವೈದ್ಯನಾಗಲಿ ಹಳೆಯ ಗಾಯವನ್ನು ನೆನೆಯುವುದಿಲ್ಲ.

ಅಮೆರಿಕದ ರೋಗ ನಿಯಂತ್ರಣ ಕೇಂದ್ರವು 2017ರಲ್ಲಿ ಪ್ರಕಟಿಸಿದ ವರದಿಯಂತೆ, 2003ರಿಂದ 2012ರವರೆಗೆ ಅಲ್ಲಿನ 23 ರಾಜ್ಯಗಳಲ್ಲಿ ದೇಹದಲ್ಲುಳಿದ ಗುಂಡಿನ ಕಾರಣದಿಂದ ರಕ್ತದಲ್ಲಿ ಸೀಸ ಏರಿದ 349 ಪ್ರಕರಣಗಳು ದಾಖಲಾದವು. ಸೀಸ ಏರಿದವರ ಒಟ್ಟು ಸಂಖ್ಯೆಯಲ್ಲಿ ಇದು ಅತ್ಯಲ್ಪ ಪಾಲು. ಅತ್ಯಂತ ಅಪಾಯಕಾರಿ ಮಟ್ಟ ಮುಟ್ಟಿದವರಲ್ಲಿ ಮಾತ್ರ ಆ ಪಾಲು ಹಲವು ಪಟ್ಟು ದೊಡ್ಡದು. ಪತ್ತೆಗೆ ಬೇಕಾದದ್ದು ಒಂದು ಸಾಮಾನ್ಯ ರಕ್ತ ಪರೀಕ್ಷೆ. ಸೀಸವನ್ನು ಹಿಡಿದು ಮೂತ್ರದ ಮೂಲಕ ಹೊರಹಾಕುವ ಔಷಧಗಳಿವೆ. ಕೀಲಿನೊಳಗಿನ ಗುಂಡನ್ನು ಶಸ್ತ್ರಚಿಕಿತ್ಸೆಯಿಂದ ತೆಗೆಯುವುದು ರೂಢಿಯಲ್ಲಿದೆ. ಜಾಕ್ಸನ್ನನಿಗೆ ಈ ಯಾವುದೂ ಇರಲಿಲ್ಲ.

ಸೀಸದ ಮೇಲೆ ಹೊರಿಸಲಾಗದ ಹೊಣೆ

ಸೀಸವು ಮನಸ್ಸನ್ನೂ ಕೆಡಿಸಿ ಸಿಡುಕು ತರುತ್ತದೆ. ಹಾಗಾದರೆ ಜಾಕ್ಸನ್ನನ ಕ್ರೌರ್ಯಕ್ಕೂ ಸೀಸವೇ ಕಾರಣವೇ ಎಂಬ ಪ್ರಶ್ನೆ ಏಳುವುದು ಸಹಜ. ಅವನ ಜೀವನಕ್ರಮವೇ ಇದಕ್ಕೆ ಉತ್ತರ. ಬ್ರಿಟಿಷ್ ಅಧಿಕಾರಿಯ ಕತ್ತಿಗೆ ಬಗ್ಗದ ಬಾಲಕನ ಮೈಯಲ್ಲಿ ಯಾವ ಗುಂಡೂ ಇರಲಿಲ್ಲ. ಡಿಕಿನ್ಸನ್ನನನ್ನು ದ್ವಂದ್ವಯುದ್ಧಕ್ಕೆ ಕರೆದಾಗಲೂ ಇರಲಿಲ್ಲ. ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯಾಚೆ ಸಾಗಿಸುವ ಕಾನೂನಿಗೆ 1830ರ ಮೇ 28ರಂದು ಆತ ಸಹಿ ಹಾಕಿದ್ದು ಸಂಸತ್ತಿನಲ್ಲಿ ತಿಂಗಳುಗಟ್ಟಲೆ ಚರ್ಚೆ ನಡೆದ ಬಳಿಕ. ಅದರ ಹಿಂದೆ ಹತ್ತಿ ಬೆಳೆಯುವ ನೆಲಕ್ಕಾಗಿ ಹಾತೊರೆದ ಒಂದು ಸಮಾಜವೇ ನಿಂತಿತ್ತು. ಅವನ ಉತ್ತರಾಧಿಕಾರಿಯ ಕಾಲದಲ್ಲಿ, 1838-39ರಲ್ಲಿ, ಚೆರೋಕಿ ಜನರನ್ನು ಬಲವಂತವಾಗಿ ನಡೆಸಿಕೊಂಡು ಹೋದಾಗ ಸುಮಾರು 4,000 ಮಂದಿ ಸತ್ತರೆಂಬ ಅಂದಾಜಿದೆ. ಆ ಹೊಣೆಯನ್ನು ಲೋಹವೊಂದರ ಮೇಲೆ ಹೊರಿಸಲು ಬಾರದು.

ಸೀಸ ಅವನ ಹೊಟ್ಟೆಯನ್ನು, ನರಗಳನ್ನು ಪೀಡಿಸಿರಬಹುದು. ಅವನ ತೀರ್ಮಾನಗಳು ಅವನವೇ. ವೈದ್ಯರ ದೃಷ್ಟಿಯಲ್ಲಿ ಉಳಿಯುವ ಮಾತು ಇಷ್ಟು: ಗುಂಡು ಹೊಕ್ಕ ಗಾಯ ಮುಚ್ಚಿದರೂ ಆ ರೋಗಿಯ ಕಡತವನ್ನು ಮುಚ್ಚಬಾರದು. ಮೈಯಲ್ಲಿ ಗುಂಡು ಉಳಿದವರು ವರ್ಷಗಳ ಬಳಿಕ ಯಾವ ಕಾಯಿಲೆಗಾಗಿ ಆಸ್ಪತ್ರೆಗೆ ಹೋದರೂ ಆ ಸಂಗತಿಯನ್ನು ವೈದ್ಯರಿಗೆ ಮೊದಲು ತಿಳಿಸುವುದು ಒಳಿತು.